ಬಹುಸೇವಾ ತಂತ್ರಾಂಶಗಳ ಕಂಟೇನರು ಕಟ್ಟು: ಡಿಸ್ಪೇಸ್ ಭಂಡಾರದ ನಿದರ್ಶನ

ಸಂಶೋಧನ ಪ್ರಬಂಧಗಳು, ಪತ್ರಿಕೆಗಳ ಹಳೆಯ ಸಂಚಿಕೆಗಳು, ಹಸ್ತಪ್ರತಿಗಳ ಛಾಯಾಚಿತ್ರಗಳು ಇವೇ ಮೊದಲಾದ ವಿದ್ವತ್ಸಾಮಗ್ರಿಗಳು ಈಗ ಬಹುಮಟ್ಟಿಗೆ ಗಣಕಯಂತ್ರಗಳ ಆಶ್ರಯದಲ್ಲಿವೆ. ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೦೯ರಲ್ಲಿ ಹೊರಡಿಸಿದ ನಿಯಮಗಳ ಮೇರೆಗೆ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳನ್ನು ಒಪ್ಪಿಸತಕ್ಕದ್ದೆಂದಾಯಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಯಿಸುತ್ತಿರುವ ಶೋಧಗಂಗಾ ಭಂಡಾರದಲ್ಲಿ ಕನ್ನಡ ಪ್ರಬಂಧಗಳೂ ಸೇರಿವೆ. ಈ ಭಂಡಾರವು ಡಿಸ್ಪೇಸ್ ಎಂಬ ತಂತ್ರಾಂಶದ ಮೇಲೆ ನಿಂತಿದೆ. ಇಂತಹ ಭಂಡಾರಗಳನ್ನು ತಾವೂ ಕಟ್ಟಬೇಕೆಂಬ ಉತ್ಸಾಹವು ಕಾಲೇಜುಗಳಲ್ಲಿಯೂ ಸಾಹಿತ್ಯ ಸಂಸ್ಥೆಗಳಲ್ಲಿಯೂ ತೋರಿಬರುತ್ತಿರುವುದು ಸಂತೋಷದ ವಿಷಯವೇ. ಆದರೆ ಕಟ್ಟಿದವರು ಬೇರೆ ಊರಿಗೆ ಹೋದಮೇಲೆ, ಅಥವಾ ಯಂತ್ರವು ಕೆಟ್ಟಮೇಲೆ, ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದು ಹೇಗೆಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವವರು ವಿರಳ. ಪುಸ್ತಕದ ಹಾಳೆಗಳೆಲ್ಲ ಉಳಿದಿದ್ದರೂ ಅವನ್ನು ತೆರೆದು ತೋರಿಸುವ ಕೈಯೇ ಇಲ್ಲದಂತಾದರೆ ಓದುಗನ ಪಾಲಿಗೆ ಅದು ನಷ್ಟವೇ ಸರಿ. ಈ ಪ್ರಶ್ನೆಗೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಪ್ರಚಾರಕ್ಕೆ ಬಂದಿರುವ ಉತ್ತರವೊಂದನ್ನು, ಅದರ ಗುಣವೆಷ್ಟು ಮಿತಿಯೆಷ್ಟು ಎಂಬುದರೊಡನೆ, ಇಲ್ಲಿ ಪರಿಶೀಲಿಸಲಾಗಿದೆ.

ಡಿಸ್ಪೇಸ್ ೨೦೦೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಸಂಸ್ಥೆಯ ಗ್ರಂಥಾಲಯಗಳೂ ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿಯೂ ಕೂಡಿ ಹೊರತಂದ ತಂತ್ರಾಂಶ. ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆದು ಬಳಸಬಹುದು. ಅದರ ಆರನೆಯ ಆವೃತ್ತಿಯವರೆಗೆ, ಓದುಗನಿಗೆ ಕಾಣುವ ಪುಟಗಳೂ ಒಳಗಿನ ವ್ಯವಹಾರವೂ ಹುಡುಕುವ ಯಂತ್ರವೂ ಟಾಮ್‌ಕ್ಯಾಟ್ ಎಂಬ ಒಂದೇ ಸೂರಿನ ಕೆಳಗೆ ವಾಸಿಸಬಹುದಾಗಿತ್ತು. ಪಕ್ಕದಲ್ಲಿ ಡೇಟಾಬೇಸ್ ಒಂದಿದ್ದರೆ ಸಾಕು. ೨೦೨೧ರ ಆಗಸ್ಟಿನಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ಈ ಕೂಡುಕುಟುಂಬವು ಪಾಲಾಯಿತು. ಪುಟಗಳನ್ನು ಸಜ್ಜುಗೊಳಿಸುವ ಭಾಗವು ಬೇರೆ, ಅದು ನೋಡ್ ಎಂಬ ವ್ಯವಸ್ಥೆಯಲ್ಲಿ ನಡೆಯುತ್ತದೆ. ಪ್ರಬಂಧಗಳನ್ನು ಸ್ವೀಕರಿಸಿ, ಅಧಿಕಾರವನ್ನು ಪರೀಕ್ಷಿಸಿ, ಕೇಳಿದ್ದನ್ನು ಕೊಡುವ ಹಿಂಬದಿಯ ಭಾಗವು ಬೇರೆ, ಅದು ಜಾವಾ ಭಾಷೆಯದು. ಗ್ರಂಥಕರ್ತ, ಶೀರ್ಷಿಕೆ, ವರ್ಷ ಮೊದಲಾದ ವಿವರಗಳು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿರುತ್ತವೆ. ಹುಡುಕುವ ಕೆಲಸವನ್ನು ಸೋಲರ್ ಎಂಬುದು ಮಾಡುತ್ತದೆ. ಹೀಗೆ ನಾಲ್ಕು ಸೇವೆಗಳು, ಅವುಗಳ ಜೊತೆಗೆ ಪ್ರಬಂಧಗಳ ಮೂಲ ಕಡತಗಳನ್ನಿಡುವ ಕಣಜವೊಂದು. ಇಂತಹ ರಚನೆಯನ್ನೇ ಬಹುಸೇವಾ ತಂತ್ರಾಂಶವೆನ್ನುವುದು.

ಈ ನಾಲ್ಕರಲ್ಲಿ ಒಂದೊಂದಕ್ಕೂ ತನ್ನದೇ ಆದ ಮಡಿವಂತಿಕೆಯುಂಟು. ಏಳನೆಯ ಡಿಸ್ಪೇಸಿಗೆ ಜಾವಾ ೧೧ ಅಥವಾ ೧೭ ಬೇಕು. ಅದೇ ಯಂತ್ರದಲ್ಲಿ ಜಾವಾ ೮ನ್ನೇ ನಂಬಿರುವ ಹಳೆಯ ಗ್ರಂಥಸೂಚಿಯೊಂದು ಇದ್ದರೆ ಇಬ್ಬರಿಗೂ ಸಲ್ಲುವಂತೆ ಮನೆಯನ್ನು ಹೊಂದಿಸುವುದು ಪ್ರಯಾಸದ ಕೆಲಸ. ಹೊಂದಿಸಿದ ಮೇಲೂ ಆ ಹೊಂದಾಣಿಕೆಯು ಒಬ್ಬ ನಿರ್ವಾಹಕನ ನೆನಪಿನಲ್ಲಿರುತ್ತದೆಯೇ ಹೊರತು ಬರೆಹದಲ್ಲಿ ಇರುವುದಿಲ್ಲ. ಆತನು ಹೊರಟುಹೋದನೆಂದರೆ ಗುರುಮುಖೇನ ಮಾತ್ರ ಉಳಿದಿದ್ದ ವಿದ್ಯೆಗೆ ಶಿಷ್ಯನಿಲ್ಲದೆ ಹೋದಂತಾಯಿತು.

ಕಂಟೇನರ್ ಎಂಬ ಹೆಸರು ಹಡಗಿನ ವ್ಯಾಪಾರದಿಂದ ಬಂದದ್ದು. ೧೯೫೬ರ ಏಪ್ರಿಲ್ ೨೬ರಂದು ಮಾಲ್ಕಮ್ ಮೆಕ್‌ಲೀನ್ ಎಂಬ ಅಮೆರಿಕದ ವರ್ತಕನು ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ ೫೮ ಲೋಹದ ಪೆಟ್ಟಿಗೆಗಳನ್ನೇರಿಸಿ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಸಾಗಿಸಿದನು. ಪೆಟ್ಟಿಗೆಯೊಳಗೆ ಏನಿದೆಯೆಂಬುದು ಬಂದರಿನವರಿಗೆ ಬೇಕಿಲ್ಲ. ಪೆಟ್ಟಿಗೆಯ ಅಳತೆಯೂ ಮೂಲೆಯ ಕೊಂಡಿಯೂ ಗೊತ್ತಿದ್ದರೆ ಸಾಕು. ತಂತ್ರಾಂಶದವರು ಈ ಉಪಮೆಯನ್ನು ಎರವಲು ಪಡೆದರು. ೨೦೧೩ರ ಮಾರ್ಚಿಯಲ್ಲಿ ಸಾಲೊಮನ್ ಹೈಕ್ಸ್ ಎಂಬವರು ಪೈಥಾನ್ ಭಾಷೆಯ ಸಮ್ಮೇಳನವೊಂದರಲ್ಲಿ ಕೆಲವೇ ನಿಮಿಷಗಳಲ್ಲಿ ತೋರಿಸಿದ ಸಾಧನಕ್ಕೆ ಡಾಕರ್, ಎಂದರೆ ಹಡಗುಕಟ್ಟೆಯಲ್ಲಿ ಸರಕನ್ನು ಏರಿಳಿಸುವ ಆಳು, ಎಂಬ ಹೆಸರು ಬಂದುದೂ ಈ ಕಾರಣದಿಂದಲೇ. ಆದರೆ ತತ್ತ್ವವು ಅಂದೇ ಹುಟ್ಟಿತೆಂದು ಭಾವಿಸಲಾಗದು. ಒಂದು ಪ್ರೋಗ್ರಾಮಿಗೆ ಕಡತಗಳ ಒಂದು ಮೂಲೆಯನ್ನೇ ಇಡೀ ಜಗತ್ತೆಂದು ತೋರಿಸುವ ಉಪಾಯವು ಯೂನಿಕ್ಸ್ ವ್ಯವಸ್ಥೆಯಲ್ಲಿ ೧೯೭೯ರಿಂದ ಇತ್ತು. ಫ್ರೀ ಬಿಎಸ್‌ಡಿ ಎಂಬ ವ್ಯವಸ್ಥೆಯು ೨೦೦೦ದಲ್ಲಿ ಅದನ್ನು ಬಲಪಡಿಸಿ ಜೈಲು ಎಂದು ಕರೆಯಿತು. ಲಿನಕ್ಸಿನಲ್ಲಿ ಒಂದೊಂದು ಗುಂಪಿಗೆ ಇಷ್ಟೇ ನೆನಪು, ಇಷ್ಟೇ ಗಣನಶಕ್ತಿ ಎಂದು ಪಡಿಯಳೆಯುವ ಏರ್ಪಾಡು ೨೦೦೮ರಲ್ಲಿ ಸೇರಿತು. ಡಾಕರಿನ ಕಾಣಿಕೆಯೆಂದರೆ ಈ ಚದುರಿದ ಉಪಾಯಗಳನ್ನು ಒಟ್ಟುಗೂಡಿಸಿ, ಪೆಟ್ಟಿಗೆಯನ್ನು ಕಟ್ಟುವ, ಕಳುಹಿಸುವ, ಬಿಚ್ಚುವ ಕ್ರಮವನ್ನು ಸಾಮಾನ್ಯನಿಗೂ ಎಟಕುವಂತೆ ಮಾಡಿದ್ದು.

ಇಲ್ಲಿ ಎರಡು ಶಬ್ದಗಳ ಅರ್ಥವನ್ನು ಬೇರ್ಪಡಿಸಿ ತಿಳಿಯದಿದ್ದರೆ ಮುಂದಿನದೆಲ್ಲವೂ ಗೊಂದಲವಾಗುತ್ತದೆ. ಇಮೇಜ್ ಎಂಬುದು ಒಂದು, ಕಂಟೇನರ್ ಎಂಬುದು ಇನ್ನೊಂದು. ಅಚ್ಚುಕೂಟದ ಪರಿಚಯವಿರುವವರಿಗೆ ಹೀಗೆ ಹೇಳಬಹುದು: ಮೊಳೆಗಳನ್ನು ಜೋಡಿಸಿ, ತಿದ್ದಿ, ಚೌಕಟ್ಟಿನಲ್ಲಿ ಬಿಗಿದಿಟ್ಟ ಅಚ್ಚುಪುಟವು ಇಮೇಜ್, ಅದರಿಂದ ತೆಗೆದ ಒಂದೊಂದು ಪ್ರತಿಯೂ ಕಂಟೇನರ್. ಪ್ರತಿಯ ಅಂಚಿನಲ್ಲಿ ಓದುಗನು ಗೀಚಿದ ಟಿಪ್ಪಣಿಯು ಅಚ್ಚಿಗೆ ಹೋಗುವುದಿಲ್ಲ. ಆ ಪ್ರತಿಯನ್ನು ಬಿಸುಟರೆ ಟಿಪ್ಪಣಿಯೂ ಹೋಯಿತು. ಇಮೇಜಿನೊಳಗೆ ಪ್ರೋಗ್ರಾಮು ಮಾತ್ರವಲ್ಲ, ಅದು ನೆಚ್ಚಿಕೊಂಡಿರುವ ಲೈಬ್ರರಿಗಳು, ಜಾವಾ ಅಥವಾ ನೋಡಿನ ತಕ್ಕ ಆವೃತ್ತಿ, ಭಾಷೆಗಳ ನಿಯಮಗಳು ಎಲ್ಲವೂ ಸೇರಿರುತ್ತವೆ. ಒಳಗಿಲ್ಲದುದು ಒಂದೇ, ಯಂತ್ರದ ಗರ್ಭವಾದ ಕರ್ನಲ್. ಅದನ್ನು ಆ ಯಂತ್ರದಲ್ಲಿರುವ ಕಂಟೇನರುಗಳೆಲ್ಲವೂ ಹಂಚಿಕೊಳ್ಳುತ್ತವೆ. ಆದಕಾರಣವೇ ಕಂಟೇನರು ಹಗುರ, ಕ್ಷಣಾರ್ಧದಲ್ಲಿ ಎದ್ದು ನಿಲ್ಲಬಲ್ಲುದು. ಆದಕಾರಣವೇ ಅದರ ಗೋಡೆಯು ಪೂರ್ಣ ಪ್ರತ್ಯೇಕ ಯಂತ್ರದ ಗೋಡೆಯಷ್ಟು ದಪ್ಪವೂ ಅಲ್ಲ.

ಇಮೇಜು ಪದರ ಪದರವಾಗಿ ಕಟ್ಟಲ್ಪಡುತ್ತದೆ. ತಳದಲ್ಲಿ ಡೆಬಿಯನ್ ಮೊದಲಾದ ಲಿನಕ್ಸ್ ಪ್ರಭೇದವೊಂದು, ಅದರ ಮೇಲೆ ಜಾವಾ, ಅದರ ಮೇಲೆ ಡಿಸ್ಪೇಸ್, ಹೀಗೆ. ಯಾವ ಪದರವನ್ನು ಯಾವ ಅನುಕ್ರಮದಲ್ಲಿ ಹಾಕಬೇಕೆಂಬುದನ್ನು ಡಾಕರ್‌ಫೈಲ್ ಎಂಬ ಸರಳವಾದ ಲಿಖಿತವೊಂದು ಹೇಳುತ್ತದೆ. ನಿರ್ವಾಹಕನ ನೆನಪಿನಲ್ಲಿದ್ದುದು ಈಗ ಬರೆಹಕ್ಕೆ ಬಂದಿತು. ಈ ಪದ್ಧತಿಯ ಅತ್ಯಂತ ದೊಡ್ಡ ಲಾಭವು ಇದೇ ಎಂದು ನನ್ನ ಅಭಿಪ್ರಾಯ. ವೇಗವೂ ಮಿತವ್ಯಯವೂ ಅನಂತರದವು. ಒಂದೊಂದು ಪದರದ ಒಳಗಿನ ಬೈಟುಗಳಿಂದ ಲೆಕ್ಕಹಾಕಿದ ೬೪ ಚಿಹ್ನೆಗಳ ಮುದ್ರೆಯೊಂದು ಅದರ ಹೆಸರಾಗುತ್ತದೆ. ಒಂದು ಬೈಟು ಬದಲಾದರೂ ಮುದ್ರೆಯು ಗುರುತು ಸಿಗದಂತೆ ಬದಲಾಗುತ್ತದೆ. ನಮ್ಮ ಲಿಪಿಕಾರರು ಹಸ್ತಪ್ರತಿಯ ಕೊನೆಯಲ್ಲಿ ಮೂವತ್ತೆರಡು ಅಕ್ಷರಗಳಿಗೆ ಒಂದರಂತೆ ಗ್ರಂಥಸಂಖ್ಯೆಯನ್ನು ಬರೆದಿಡುತ್ತಿದ್ದುದು ಇಂತಹದೇ ಉದ್ದೇಶಕ್ಕೆ. ಆದರೆ ಎಣಿಕೆಯು ಸರಿಯಿದ್ದು ಪಾಠವು ಕೆಟ್ಟಿರುವುದು ಸಾಧ್ಯವಿತ್ತು. ಇಲ್ಲಿ ಆ ಸಂದೇಹಕ್ಕೆ ಎಡೆ ಇಲ್ಲವೆಂದೇ ಹೇಳಬಹುದು.

ಒಂದು ಕಂಟೇನರಿನಲ್ಲಿ ಒಂದೇ ಸೇವೆ ಇರಲಿ ಎಂಬುದು ರೂಢಿ. ಹಾಗಾದರೆ ನಾಲ್ಕು ಕಂಟೇನರುಗಳನ್ನು ಒಂದು ಸಂಸಾರವಾಗಿ ನಡೆಯಿಸುವವರು ಯಾರು? ಲಂಡನ್ನಿನ ಸಣ್ಣ ಕಂಪೆನಿಯೊಂದು ಫಿಗ್ ಎಂಬ ಸಾಧನವನ್ನು ಇದಕ್ಕಾಗಿ ರಚಿಸಿತ್ತು. ೨೦೧೪ರಲ್ಲಿ ಡಾಕರ್ ಕಂಪೆನಿಯು ಅದನ್ನು ಕೊಂಡುಕೊಂಡಿತು. ಅದೇ ಈಗ ಕಂಪೋಸ್ ಎನಿಸಿಕೊಂಡಿದೆ. ಕಂಪೋಸಿಗೆ ನಾವು ಬರೆದುಕೊಡುವುದು ಒಂದೇ ಕಡತ. ಅದರಲ್ಲಿ ಸೇವೆಗಳು ಯಾವುವು, ಒಂದೊಂದಕ್ಕೆ ಯಾವ ಇಮೇಜು, ಅವು ಪರಸ್ಪರ ಮಾತಾಡುವ ಜಾಲ ಯಾವುದು, ಶಾಶ್ವತವಾಗಿ ಉಳಿಯಬೇಕಾದ ದತ್ತವು ಎಲ್ಲಿ ನಿಲ್ಲತಕ್ಕದ್ದು ಎಂಬ ನಾಲ್ಕು ಸಂಗತಿಗಳಿರುತ್ತವೆ. ಸಾಲಿನ ಮೊದಲಲ್ಲಿ ಬಿಡುವ ಜಾಗದಿಂದಲೇ ಯಾವುದು ಯಾವುದಕ್ಕೆ ಅಂಗವೆಂಬುದು ನಿರ್ಣಯವಾಗುವುದರಿಂದ, ಒಂದು ಖಾಲಿ ಜಾಗವು ಹೆಚ್ಚುಕಡಮೆಯಾದರೆ ಅರ್ಥವೇ ಬೇರೆಯಾಗುತ್ತದೆ. ಯತಿಭಂಗಕ್ಕೆ ಕವಿಗಳು ಕ್ಷಮೆ ಪಡೆದಾರು, ಇಲ್ಲಿ ಅದು ದೊರೆಯದು.

ಡಿಸ್ಪೇಸಿನವರು ತಾವೇ ಕಂಪೋಸ್ ಕಡತಗಳನ್ನು ಬರೆದು ಪ್ರಕಟಿಸಿದ್ದಾರೆ. ಅವುಗಳಲ್ಲಿ ಹಿಂಬದಿಯ ಸೇವೆಗೆ ಡಿಸ್ಪೇಸ್ ಎಂದೂ ಡೇಟಾಬೇಸಿಗೆ ಡಿಸ್ಪೇಸ್‌ಡಿಬಿ ಎಂದೂ ಹುಡುಕುಯಂತ್ರಕ್ಕೆ ಡಿಸ್ಪೇಸ್‌ಸೋಲರ್ ಎಂದೂ ಹೆಸರು. ಈ ಹೆಸರುಗಳು ಬರಿಯ ಗುರುತುಗಳಲ್ಲ, ವಿಳಾಸಗಳು. ಹಿಂಬದಿಯ ಸೇವೆಯು ಡೇಟಾಬೇಸನ್ನು ಹುಡುಕುವಾಗ ಯಾವ ಅಂಕಿಯ ವಿಳಾಸವನ್ನೂ ನೆನಪಿಡಬೇಕಾಗಿಲ್ಲ. ಹೆಸರು ಹಿಡಿದು ಕರೆದರೆ ಒಳಜಾಲದ ನಾಮಸೂಚಿಯು ಉತ್ತರ ಕೊಡುತ್ತದೆ. ಹೀಗಾಗಿ ಇಡೀ ಸಂಸಾರವನ್ನು ಬೇರೊಂದು ಯಂತ್ರಕ್ಕೆ ಒಯ್ದರೂ ಒಳಗಿನವರ ಸಂಬೋಧನೆಯು ಬದಲಾಗುವುದಿಲ್ಲ. ಹೊರಗಿನವರಿಗೆ ಬಾಗಿಲು ತೆರೆಯುವುದು ಮಾತ್ರ ಬೇರೆ ವಿಷಯ. ಆ ಕಡತಗಳಲ್ಲಿ ಪುಟಗಳ ಸೇವೆಗೆ ೪೦೦೦, ಹಿಂಬದಿಗೆ ೮೦೮೦, ಸೋಲರಿಗೆ ೮೯೮೩, ಪೋಸ್ಟ್‌ಗ್ರೆಸ್ಸಿಗೆ ೫೪೩೨ ಎಂಬ ಬಾಗಿಲುಗಳು ತೆರೆದಿರುತ್ತವೆ. ಕಲಿಯುವವನಿಗೆ ಇದು ಅನುಕೂಲ. ಆದರೆ ಸಾರ್ವಜನಿಕ ಸೇವೆಯಲ್ಲಿ ಕೊನೆಯ ಎರಡನ್ನು ಹೊರಕ್ಕೆ ತೆರೆದಿಡುವುದು ಹಸ್ತಪ್ರತಿಗಳ ಕೋಣೆಯ ಬೀಗದ ಕೈಯನ್ನು ರಸ್ತೆಯಲ್ಲಿ ನೇತುಹಾಕಿದಂತೆ. ಈ ಕಡತಗಳು ಪ್ರಯೋಗಕ್ಕೂ ಪರೀಕ್ಷೆಗೂ ಮಾತ್ರ, ನಿತ್ಯಸೇವೆಗಲ್ಲ ಎಂದು ಬರೆದವರೇ ಎಚ್ಚರಿಸಿದ್ದಾರೆ. ಗುಪ್ತಪದಗಳನ್ನು ಇಮೇಜಿನೊಳಗೆ ಸೇರಿಸಿ ಕಟ್ಟುವುದೂ ತಪ್ಪು; ಪದರದಲ್ಲಿ ಒಮ್ಮೆ ಸೇರಿದ್ದು ಮೇಲಿನ ಪದರದಲ್ಲಿ ಅಳಿಸಿದರೂ ಕೆಳಗೆ ಉಳಿದೇ ಇರುತ್ತದೆ.

ಸೇವೆಗಳು ಏಳುವ ಅನುಕ್ರಮದ ವಿಷಯದಲ್ಲಿ ಹೊಸಬರು ಎಡವುವುದು ಸಾಮಾನ್ಯ. ಹಿಂಬದಿಯು ಡೇಟಾಬೇಸನ್ನು ಅವಲಂಬಿಸಿದೆ ಎಂದು ಕಡತದಲ್ಲಿ ಬರೆದರೆ, ಕಂಪೋಸ್ ಡೇಟಾಬೇಸಿನ ಕಂಟೇನರನ್ನು ಮೊದಲು ಆರಂಭಿಸುತ್ತದೆ, ನಿಜ. ಆದರೆ ಆರಂಭವಾಯಿತೆಂದ ಮಾತ್ರಕ್ಕೆ ಸಿದ್ಧವಾಯಿತೆಂದಲ್ಲ. ಅಂಗಡಿಯ ಬಾಗಿಲು ತೆಗೆದಿದ್ದರೂ ವರ್ತಕನು ಇನ್ನೂ ತಕ್ಕಡಿಯನ್ನು ಹೊಂದಿಸುತ್ತಿರಬಹುದು. ಅಷ್ಟರಲ್ಲಿ ಹಿಂಬದಿಯು ಹೋಗಿ ಬಾಗಿಲು ತಟ್ಟಿ, ಉತ್ತರ ಬಾರದೆ, ಬಿದ್ದುಹೋಗುವುದುಂಟು. ಇದಕ್ಕೆ ಪರಿಹಾರವೆಂದರೆ ಡೇಟಾಬೇಸಿಗೆ ಆರೋಗ್ಯಪರೀಕ್ಷೆಯೊಂದನ್ನು ಬರೆದು, ಅದು ಸ್ವಸ್ಥವೆಂದು ತೋರಿದ ಮೇಲೆಯೇ ಹಿಂಬದಿಯು ಏಳತಕ್ಕದ್ದೆಂದು ವಿಧಿಸುವುದು.

ಈಗ ಮುಖ್ಯವಾದ ಮಾತಿಗೆ ಬರೋಣ. ಕಂಟೇನರನ್ನು ಬಿಸುಟರೆ ಅದರೊಳಗೆ ಬರೆದದ್ದು ಹೋಗುತ್ತದೆ ಎಂದೆನಷ್ಟೆ. ಹಾಗಾದರೆ ಪ್ರಬಂಧಗಳ ಗತಿಯೇನು? ಅವುಗಳನ್ನು ಕಂಟೇನರಿನ ಹೊರಗೆ, ವಾಲ್ಯೂಮ್ ಎಂಬ ಪ್ರತ್ಯೇಕ ಸ್ಥಳದಲ್ಲಿ ಇಡಬೇಕು. ಡಿಸ್ಪೇಸಿನ ಕಡತಗಳಲ್ಲಿ ಇಂತಹ ಮೂರು ಸ್ಥಳಗಳಿವೆ: ಮೂಲ ಕಡತಗಳ ಕಣಜಕ್ಕೆ ಒಂದು, ಡೇಟಾಬೇಸಿಗೆ ಒಂದು, ಸೋಲರಿಗೆ ಒಂದು. ಇವನ್ನು ಸೂಚಿಸದೆ ಭಂಡಾರವನ್ನು ನಡೆಯಿಸಿದರೂ ಮೊದಲ ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಂಟೇನರನ್ನು ನಿಲ್ಲಿಸಿ ಮತ್ತೆ ನಡೆಯಿಸಿದರೂ ಬರೆದದ್ದು ಉಳಿಯುತ್ತದೆ. ಹೊಸ ಆವೃತ್ತಿಗೆಂದು ಹಳೆಯ ಕಂಟೇನರನ್ನು ತೆಗೆದು ಹೊಸದನ್ನು ನಿಲ್ಲಿಸಿದ ದಿನ ಭಂಡಾರವು ಬರಿದಾಗಿರುತ್ತದೆ. ತಂತ್ರಾಂಶವನ್ನು ಜಗತ್ತಿನ ಯಾವ ಮೂಲೆಯಿಂದಲಾದರೂ ಮತ್ತೆ ತರಬಹುದು. ಇಪ್ಪತ್ತು ವರ್ಷಗಳ ಹಿಂದೆ ಬೆರಳಚ್ಚು ಮಾಡಿ ಒಪ್ಪಿಸಿದ, ಕರ್ತೃವಿನ ಮನೆಯಲ್ಲಿಯೂ ಪ್ರತಿಯಿಲ್ಲದ ಪ್ರಬಂಧವನ್ನು ತರಲು ಯಾವ ಕಂಟೇನರಿಗೂ ಶಕ್ತಿಯಿಲ್ಲ. ಕಂಟೇನರುಗಳಲ್ಲಿ ಕಟ್ಟಿದ್ದೇವೆ, ಆದ್ದರಿಂದ ಸುರಕ್ಷಿತವಾಗಿದೆ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಯಾವುದು ಸುರಕ್ಷಿತವಾಗಿದೆ ಎಂದು ಕೇಳಬೇಕು.

ಮೂರು ಸ್ಥಳಗಳಲ್ಲಿಯೂ ತಾರತಮ್ಯವುಂಟು. ಕಣಜವೂ ಡೇಟಾಬೇಸೂ ಒಂದನ್ನೊಂದು ಬಿಟ್ಟು ನಿಷ್ಪ್ರಯೋಜಕ: ಕಣಜದಲ್ಲಿ ಕಡತಗಳಿಗೆ ಅಂಕಿಗಳೇ ಹೆಸರು, ಯಾವ ಅಂಕಿಯು ಯಾರ ಪ್ರಬಂಧವೆಂಬುದು ಡೇಟಾಬೇಸಿಗೆ ಮಾತ್ರ ಗೊತ್ತು. ಆದುದರಿಂದ ಎರಡರ ಪ್ರತಿಯನ್ನೂ ಒಂದೇ ಸಮಯದಲ್ಲಿ ತೆಗೆಯಬೇಕು. ಡೇಟಾಬೇಸಿನ ಕಡತಗಳನ್ನು ಹಾಗೆಯೇ ನಕಲು ಮಾಡದೆ, ಪೋಸ್ಟ್‌ಗ್ರೆಸ್ಸಿನ ಸ್ವಂತ ಸಾಧನದಿಂದ ಹೊರತೆಗೆದು ಇಡುವುದು ಲೇಸು. ಏಕೆಂದರೆ ಹದಿಮೂರನೆಯ ಆವೃತ್ತಿಯು ಬರೆದ ಕಡತಗಳನ್ನು ಹದಿನಾಲ್ಕನೆಯದು ನೇರವಾಗಿ ಓದಲಾರದು. ಸೋಲರಿನ ಹುಡುಕುಸೂಚಿಯು ಹೋದರೆ ಚಿಂತೆಯಿಲ್ಲ, ಮೇಲಿನೆರಡರಿಂದ ಅದನ್ನು ಮರಳಿ ಕಟ್ಟಬಹುದು. ಆದರೆ ಯಾವ ಪ್ರಬಂಧವನ್ನು ಎಷ್ಟು ಜನ ಓದಿದರೆಂಬ ಲೆಕ್ಕವೂ ಸೋಲರಿನಲ್ಲಿಯೇ ಇರುತ್ತದೆ, ಅದು ಬೇರೆಲ್ಲಿಯೂ ಇಲ್ಲ. ಸೋಲರು ಬರಿಯ ಸೂಚಿಯೆಂದು ನಂಬಿದವರು ಆ ಲೆಕ್ಕವನ್ನು ಕಳೆದುಕೊಳ್ಳುತ್ತಾರೆ.

ಕನ್ನಡ ವಿದ್ವಾಂಸರಿಗೆ, ಅದರಲ್ಲಿಯೂ ನಿಘಂಟುಕಾರರಿಗೆ, ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಪದಗಳನ್ನು ಪೋಸ್ಟ್‌ಗ್ರೆಸ್ಸಿನಲ್ಲಿಟ್ಟರೆ ಅಕಾರಾದಿಯನ್ನು ನಿರ್ಣಯಿಸುವವರು ಯಾರು? ಸಾಮಾನ್ಯವಾಗಿ ಡೇಟಾಬೇಸಲ್ಲ, ಅದು ನಿಂತಿರುವ ಇಮೇಜಿನ ತಳದ ಪದರದಲ್ಲಿರುವ ಸಿ ಭಾಷೆಯ ಲೈಬ್ರರಿ. ಯೂನಿಕೋಡಿನಲ್ಲಿ ಲಕಾರಕ್ಕೆ ೩೨೫೦, ಳಕಾರಕ್ಕೆ ೩೨೫೧, ವಕಾರಕ್ಕೆ ೩೨೫೩, ಹಕಾರಕ್ಕೆ ೩೨೫೭ ಎಂಬ ಅಂಕಿಗಳು ಸಂದಿವೆ. ಬರಿಯ ಅಂಕಿಯ ಕ್ರಮವನ್ನು ಹಿಡಿದರೆ ಳಕಾರವು ಲಕಾರದ ಬೆನ್ನಿಗೇ ಬಂದು, ಕಳಶವು ಕವಿಗಿಂತ ಮೊದಲು ನಿಲ್ಲುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಬಳಿಕ. ಆದ್ದರಿಂದ ಕವಿಯೇ ಮೊದಲು. ಹಳಗನ್ನಡದ ೞಕಾರಕ್ಕಂತೂ ೩೨೯೪ ಎಂಬ ಅಂಕಿಯು ಬಂದು, ಅದು ಬಳಕೆಯ ಸ್ವರಚಿಹ್ನೆಗಳ ಆಚೆಗೆ ಬಿದ್ದಿದೆ. ಆಲ್ಪೈನ್ ಎಂಬ ಅತಿ ಹಗುರವಾದ ತಳದ ಪದರದಲ್ಲಿರುವ ಲೈಬ್ರರಿಯು ಅಂಕಿಯ ಕ್ರಮವನ್ನು ಮಾತ್ರ ಬಲ್ಲುದು. ಡೆಬಿಯನ್ ಪದರದ್ದು ಭಾಷೆಗಳ ಕ್ರಮವನ್ನೂ ಬಲ್ಲುದು. ಇಮೇಜು ಚಿಕ್ಕದಾಗಲೆಂದು ಒಂದರಿಂದ ಇನ್ನೊಂದಕ್ಕೆ ದಾಟಿದವನು ಅಕಾರಾದಿಯನ್ನೇ ಬದಲಾಯಿಸಿದನೆಂದು ಅವನಿಗೆ ತಿಳಿದಿರುವುದಿಲ್ಲ.

ತಪ್ಪು ಕ್ರಮದಲ್ಲಿ ಕಾಣುವುದೊಂದೇ ಆಗಿದ್ದರೆ ಸಹಿಸಬಹುದಾಗಿತ್ತು. ಡೇಟಾಬೇಸಿನ ಸೂಚಿಯು ಆ ಕ್ರಮವನ್ನು ನಂಬಿಯೇ ಕವಲು ಕವಲಾಗಿ ರಚಿತವಾಗಿರುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಸೂಚಿಯನ್ನು ಕಟ್ಟಿ, ಅನಂತರ ಅಂಕಿಯ ಕ್ರಮದ ಇಮೇಜನ್ನು ಅದೇ ದತ್ತದ ಮೇಲೆ ನಿಲ್ಲಿಸಿದೆವೆನ್ನಿ. ಕಳಶವನ್ನು ಹುಡುಕುತ್ತ ಕವಿಯೆಂಬ ಕವಲಿಗೆ ಬಂದಾಗ, ಕಳಶವು ಮೊದಲಿನದೆಂದು ಹೊಸ ನಿಯಮವು ಹೇಳುತ್ತದೆ. ಹುಡುಕಾಟವು ಎಡಕ್ಕೆ ತಿರುಗುತ್ತದೆ. ಪದವಿರುವುದು ಬಲಕ್ಕೆ. ಹೀಗೆ ಕೋಶದಲ್ಲಿ ಇರುವ ಪದವೇ ಇಲ್ಲವೆಂದು ಉತ್ತರ ಬರುತ್ತದೆ, ಯಾವ ದೋಷಸೂಚನೆಯೂ ಇಲ್ಲದೆ. ಇಲ್ಲವೆಂದು ತಿಳಿದು ಸಂಪಾದಕನು ಮತ್ತೊಮ್ಮೆ ಸೇರಿಸಿದರೆ, ಒಂದೇ ಪದವು ಎರಡು ಸಲ ಬಾರದಂತೆ ಹಾಕಿದ ಕಾವಲೂ ಅದನ್ನು ತಡೆಯಲಾರದು. ಇದು ಕಲ್ಪಿತ ಭೀತಿಯಲ್ಲ. ೨೦೧೮ರ ಆಗಸ್ಟಿನಲ್ಲಿ ಬಂದ ಜಿ-ಲಿಬ್‌ಸಿ ೨.೨೮ ಎಂಬ ಲೈಬ್ರರಿಯಲ್ಲಿ ಅನೇಕ ಭಾಷೆಗಳ ಕ್ರಮನಿಯಮಗಳು ಒಮ್ಮೆಗೇ ಬದಲಾದವು. ಡೆಬಿಯನ್ ೯ರ ತಳದಿಂದ ಡೆಬಿಯನ್ ೧೦ರದಕ್ಕೆ ದಾಟಿದ ಪೋಸ್ಟ್‌ಗ್ರೆಸ್ ಬಳಕೆದಾರರು ಸೂಚಿಗಳನ್ನೆಲ್ಲ ಮತ್ತೆ ಕಟ್ಟಬೇಕಾಯಿತು. ಪೋಸ್ಟ್‌ಗ್ರೆಸ್ಸಿನ ಹತ್ತನೆಯ ಆವೃತ್ತಿಯಿಂದ, ಎಂದರೆ ೨೦೧೭ರಿಂದ, ಈ ಕೆಲಸವನ್ನು ಐಸಿಯು ಎಂಬ ಬೇರೆ ಲೈಬ್ರರಿಗೆ ಒಪ್ಪಿಸುವ ಅವಕಾಶವಿದೆ. ಅದರಲ್ಲಿ ಕ್ರಮನಿಯಮದ ಆವೃತ್ತಿಯನ್ನು ಬರೆದಿಟ್ಟುಕೊಂಡು, ಬದಲಾದಾಗ ಎಚ್ಚರಿಸುವ ಏರ್ಪಾಡೂ ಉಂಟು.

ಇದರಿಂದ ಇಮೇಜಿಗೆ ಕೊಡುವ ಹೆಸರಿನ ಮಹತ್ತ್ವವು ವಿಶದವಾಗುತ್ತದೆ. ಲೇಟೆಸ್ಟ್ ಎಂಬ ಚೀಟಿಯನ್ನಂಟಿಸಿದ ಇಮೇಜು ಇಂದು ಒಂದು, ಮುಂದಿನ ವರ್ಷ ಇನ್ನೊಂದು. ಆವೃತ್ತಿಯ ಅಂಕಿಯನ್ನು ಬರೆದರೆ ಸ್ವಲ್ಪ ಮೇಲು. ಆದರೆ ಆ ಚೀಟಿಯನ್ನೂ ಬೇರೊಂದು ತಳದ ಮೇಲೆ ಕಟ್ಟಿದ ಇಮೇಜಿಗೆ ವರ್ಗಾಯಿಸಬಹುದು. ಮೇಲೆ ಹೇಳಿದ ೬೪ ಚಿಹ್ನೆಗಳ ಮುದ್ರೆಯನ್ನೇ ಕಂಪೋಸ್ ಕಡತದಲ್ಲಿ ಬರೆದರೆ ಮಾತ್ರ ಇಂದಿನ ಪಾಠವೇ ನಾಳೆಯೂ ದೊರೆಯುತ್ತದೆ. ಮುದ್ರೆಯಿಂದ ಬಂಧಿಸಿದ ಇಮೇಜಿಗೆ ಭದ್ರತೆಯ ತಿದ್ದುಪಡಿಗಳು ತಾವಾಗಿ ಬರುವುದಿಲ್ಲವೆಂಬ ಆಕ್ಷೇಪಣೆಯು ಯುಕ್ತವೇ. ಅದಕ್ಕೆ ಕಾಲಕಾಲಕ್ಕೆ ತಿಳಿದು ಬದಲಾಯಿಸುವುದೇ ಉಪಾಯ, ತಿಳಿಯದೆ ಬದಲಾಗುವುದಲ್ಲ.

ಒಂದೇ ಯಂತ್ರಕ್ಕೆ ಕಂಪೋಸ್ ಸಾಕು. ಹತ್ತಾರು ಯಂತ್ರಗಳ ಮೇಲೆ ಸಾವಿರಾರು ಕಂಟೇನರುಗಳನ್ನು ನಡೆಯಿಸುವವರಿಗೆ ಕುಬರ್ನೆಟಿಸ್ ಎಂಬ ವ್ಯವಸ್ಥೆಯುಂಟು. ಗ್ರೀಕಿನಲ್ಲಿ ಚುಕ್ಕಾಣಿ ಹಿಡಿಯುವವನೆಂದು ಇದರ ಅರ್ಥ. ಗೂಗಲ್ ಕಂಪೆನಿಯು ೨೦೧೪ರಲ್ಲಿ ಪ್ರಕಟಿಸಿತು, ಮೊದಲ ಪೂರ್ಣ ಆವೃತ್ತಿಯು ೨೦೧೫ರ ಜುಲೈಯಲ್ಲಿ ಬಂದಿತು. ಹೀಗಿರಬೇಕೆಂಬ ಸ್ಥಿತಿಯನ್ನು ನಾವು ಬರೆದುಕೊಟ್ಟರೆ, ಇರುವ ಸ್ಥಿತಿಯನ್ನು ಅದಕ್ಕೆ ಹೊಂದಿಸುತ್ತಲೇ ಇರುವುದು ಅದರ ಧರ್ಮ. ಒಂದು ಯಂತ್ರವು ಸತ್ತರೆ ಅಲ್ಲಿದ್ದ ಸೇವೆಗಳನ್ನು ಬೇರೆಡೆ ಎಬ್ಬಿಸುತ್ತದೆ. ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಇದು ಉಚಿತವಾಗಬಹುದು. ಕೆಲವು ಸಾವಿರ ಪ್ರಬಂಧಗಳ ಭಂಡಾರಕ್ಕೆ ಮಾತ್ರ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇ. ಅದನ್ನು ಬಲ್ಲವರೊಬ್ಬರನ್ನು ಸದಾ ಇಟ್ಟುಕೊಳ್ಳಬೇಕಾಗಿ ಬಂದು, ಒಬ್ಬನ ನೆನಪನ್ನು ನೆಚ್ಚುವ ಹಳೆಯ ಸ್ಥಿತಿಯೇ ಹಿಂಬಾಗಿಲಿನಿಂದ ಮರಳುತ್ತದೆ.

ಇನ್ನು ಇಮೇಜುಗಳನ್ನು ಎಲ್ಲಿಂದ ತರುತ್ತೇವೆಂಬ ವಿಚಾರ. ಬಹುಪಾಲಿನವು ಡಾಕರ್ ಹಬ್ ಎಂಬ ಉಗ್ರಾಣದಿಂದ ಬರುತ್ತವೆ. ಅದು ಒಂದು ಕಂಪೆನಿಯ ಸ್ವತ್ತು. ೨೦೨೦ರ ನವೆಂಬರಿನಿಂದ ಅನಾಮಧೇಯರು ಅಲ್ಲಿಂದ ಪಡೆಯುವ ಇಮೇಜುಗಳಿಗೆ ಮಿತಿಯು ವಿಧಿಸಲ್ಪಟ್ಟಿತು. ಅದುವರೆಗೆ ಇಂತಹ ಮಿತಿ ಇರಲಿಲ್ಲ. ಆದುದರಿಂದ ಬೇಕಾದ ಇಮೇಜುಗಳನ್ನು ಕಡತಗಳಾಗಿ ಹೊರತೆಗೆದು, ಕಂಪೋಸ್ ಕಡತದೊಡನೆಯೂ ದತ್ತದ ಪ್ರತಿಗಳೊಡನೆಯೂ ಸಂಸ್ಥೆಯ ಸ್ವಂತ ಕಪಾಟಿನಲ್ಲಿ ಇಡುವುದು ಒಳ್ಳೆಯದು. ಇಮೇಜಿನ ರೂಪವು ೨೦೧೫ರಲ್ಲಿ ಸ್ಥಾಪಿತವಾದ ಮುಕ್ತ ಮಂಡಲಿಯೊಂದರ ನಿಯಮಗಳಿಗೆ ಒಳಪಟ್ಟಿರುವುದರಿಂದ, ಡಾಕರೇ ಬೇಕೆಂದಿಲ್ಲ, ಪಾಡ್ಮನ್ ಮೊದಲಾದ ಬೇರೆ ಸಾಧನಗಳೂ ಅದನ್ನು ನಡೆಯಿಸುತ್ತವೆ. ಆದರೆ ಒಂದು ಬಗೆಯ ಗಣಕಕ್ಕೆ ಕಟ್ಟಿದ ಇಮೇಜು ಇನ್ನೊಂದು ಬಗೆಯದರಲ್ಲಿ ನೇರವಾಗಿ ನಡೆಯದು: ಇಂಟೆಲ್ ಜಾತಿಯ ಯಂತ್ರದ್ದು ಆರ್ಮ್ ಜಾತಿಯ ಯಂತ್ರದಲ್ಲಿ ಅನುಕರಣಯಂತ್ರದ ನೆರವಿನಿಂದ, ಮಂದಗತಿಯಲ್ಲಿ, ನಡೆಯಬೇಕಾಗುತ್ತದೆ. ಇದಕ್ಕಾಗಿ ಡಾಕರ್‌ಫೈಲನ್ನೂ ಮೂಲ ತಂತ್ರಾಂಶದ ಪ್ರತಿಯನ್ನೂ ಜೊತೆಗಿಟ್ಟಿದ್ದರೆ, ಹೊಸ ಜಾತಿಯ ಯಂತ್ರಕ್ಕೆ ಹೊಸದಾಗಿ ಇಮೇಜನ್ನು ಕಟ್ಟಿಕೊಳ್ಳಲು ಸಾಧ್ಯವಾಗುತ್ತದೆ. ಹಾಗೆ ಕಟ್ಟಿದ್ದಕ್ಕೆ ಮುದ್ರೆಯು ಬೇರೆಯಾಗಿರುತ್ತದೆ. ಡೇಟಾಬೇಸಿನ ಸೂಚಿಗಳನ್ನು ಆಗ ಮತ್ತೊಮ್ಮೆ ರಚಿಸತಕ್ಕದ್ದು.